ನೊಣದ ಸಾಕ್ಷಿ



ಈ ಬಾರಿಯ ಲೇಖನ ಊಟದ ತಟ್ಟೆಯ ಮುಂದೆ ಕುಳಿತು ಓದುವಂಥದ್ದಲ್ಲ. ಊಟ ಮುಗಿದು, ಮಕ್ಕಳು ಮಲಗಿದ ಮೇಲೆ ಓದಿದರೆ ಒಳ್ಳೆಯದು. ಆದರೆ ಓದದೆ ಪುಟ ತಿರುವಬೇಡಿರೆಂದು ನಮ್ಮ ವಿನಂತಿ. ಇಲ್ಲಿ ಹೇಳಲಿರುವ ಮಾತು ನೊಣಗಳಿಂದ ಶುರುವಾದರೂ ನಮ್ಮ ನಿಮ್ಮೆಲ್ಲರ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಈದ್ ರಜೆ. ನಮ್ಮ ಕರಾವಳಿಯ ಕಡೆಯವರೊಬ್ಬರು, ಐವತ್ತು ದಾಟಿದವರು, ಮೂವರು ಸೇರಿ ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಒಬ್ಬರೇ ಉಳಿದಿದ್ದರು. ಜೊತೆಗಾರರಿಬ್ಬರೂ ಊರಿಗೆ ಹೋಗಿದ್ದರು. ಕೆಲಸದ ಜಾಗಕ್ಕೆ ರಜೆ. ಆದ್ದರಿಂದ ಬರಲಿಲ್ಲವೇಕೆಂದು ಕೇಳುವವರಿಲ್ಲ. ಐದನೆಯ ದಿನ ಊರಿನಿಂದ ಅವರ ಹೆಂಡತಿಯ ಫೋನು, ಯಾರ್ಯಾರನ್ನೋ ಹುಡುಕಿಕೊಂಡು, ಕೊನೆಗೆ ನಮ್ಮ ಸಮಿತಿಯವರೊಬ್ಬರಿಗೆ ಬಂತು. "ಹಬ್ಬದ ಹಿಂದಿನ ರಾತ್ರಿ ಮಾತಾಡಿದ್ದೇ ಕೊನೆ. ಆಮೇಲೆ ಫೋನ್ ಎತ್ತಲೇ ಇಲ್ಲ. ಒಮ್ಮೆ ಹೋಗಿ ನೋಡ್ತೀರಾ ಅಣ್ಣಾ?" ಎಂದರು ಆ ತಾಯಿ.

ನಾವು ಹೋದೆವು. ಬಾಗಿಲು ಒಳಗಿನಿಂದ ಹಾಕಿತ್ತು. ಪೊಲೀಸರು ಬಂದು ತೆಗೆದರು. ನಾವು ಮೆಟ್ಟಿಲ ಬಳಿ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದೆವು. ಒಳಗಿದ್ದ ವೈದ್ಯರು ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ನಮ್ಮನ್ನು ಕೇಳಿದ ಪ್ರಶ್ನೆಗಳು ವಿಚಿತ್ರವಾಗಿದ್ದವು. ಏಸಿ ಎಷ್ಟು ಡಿಗ್ರಿಯಲ್ಲಿ ಇಡುವ ಅಭ್ಯಾಸ ಇವರಿಗೆ? ಕಿಟಕಿ ತೆರೆದಿಡುತ್ತಿದ್ದರೇ? ಕಿಟಕಿಯ ಚೌಕಟ್ಟಿನ ಮೇಲಿದ್ದ ನೊಣಗಳನ್ನು ಅವರು ಬಗ್ಗಿ ನೋಡುತ್ತಿದ್ದುದನ್ನೂ ಕಂಡೆವು. ಕಡೆಗೆ ಅವರು ಕೇಳಿದ್ದು ಒಂದೇ: "ಇವರನ್ನು ಕೊನೆಯ ಸಲ ನೋಡಿದವರು ಯಾರು?"

ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನಮ್ಮಲ್ಲಿ ಒಬ್ಬರ ಮನೆ ಅಲ್ಲಿಂದ ಎರಡು ರಸ್ತೆ ಆಚೆ. ಯಾರ ಬಳಿಯೂ ಉತ್ತರವಿರಲಿಲ್ಲ.

ಸಾವು ಹೃದಯಾಘಾತದಿಂದ, ಸಂಶಯಕ್ಕೆ ಎಡೆಯಿಲ್ಲ ಎಂದು ತೀರ್ಮಾನವಾಯಿತು. ಕಾಗದಪತ್ರಗಳಾಗಿ ಪಾರ್ಥಿವ ಶರೀರ ಊರು ಸೇರಿತು. ಆದರೆ ಏಸಿಯ ಪ್ರಶ್ನೆ ನಮ್ಮ ತಲೆಯಲ್ಲಿ ಉಳಿಯಿತು. ನಮ್ಮ ನಡುವೆಯೇ ಇರುವ ವೈದ್ಯ ಮಿತ್ರರೊಬ್ಬರನ್ನು ಕೇಳಿದೆವು, ಆಮೇಲೆ ಒಂದಿಷ್ಟು ಓದಿದೆವು. ತಿಳಿದದ್ದನ್ನು ಮೊದಲು ಹೇಳುತ್ತೇವೆ. ಅದರಿಂದ ಹುಟ್ಟಿದ ಪ್ರಶ್ನೆಯನ್ನು ಆಮೇಲೆ ನಿಮ್ಮ ಮುಂದಿಡುತ್ತೇವೆ.

ಉಸಿರು ನಿಂತ ದೇಹಕ್ಕೆ ಮೊದಲು ಬರುವ ಅತಿಥಿ ನೊಣ. ಮನೆಯಲ್ಲಿ ಕಾಣುವ ಬೂದು ನೊಣವಲ್ಲ. ಹಸಿರಾಗಿಯೋ ನೀಲಿಯಾಗಿಯೋ ಲೋಹದಂತೆ ಮಿನುಗುವ ನೊಣ. ಮಂಗಳೂರು, ಮಲ್ಪೆ, ಕಾರವಾರದ ಮೀನುಪೇಟೆ ನೋಡಿದವರಿಗೆ, ಅಂಗಳದಲ್ಲಿ ಒಣಮೀನು ಹರಡಿ ಕಾದವರಿಗೆ ಇದು ಚೆನ್ನಾಗಿ ಗೊತ್ತು. ಬಯಲಿನಲ್ಲಿ, ಹಗಲು ಹೊತ್ತಿನಲ್ಲಾದರೆ ಕೆಲವೇ ನಿಮಿಷಗಳಲ್ಲಿ ವಾಸನೆ ಹಿಡಿದು ಬರುತ್ತದೆ. ಕಣ್ಣು, ಮೂಗು, ಬಾಯಿ, ಗಾಯವಿದ್ದರೆ ಗಾಯ, ಹೀಗೆ ತೇವವಿರುವ ಜಾಗ ನೋಡಿ ಮೊಟ್ಟೆಯಿಡುತ್ತದೆ. ಕತ್ತಲಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಮುಚ್ಚಿದ ಕೋಣೆಯಾದರೆ ಒಳಗೆ ಬರಲು ಸಂದು ಹುಡುಕಬೇಕು, ಅಷ್ಟು ತಡವಾಗುತ್ತದೆ.

ಬೆಚ್ಚಗಿನ ಹವೆಯಲ್ಲಿ ಒಂದು ದಿನದೊಳಗೆ ಮೊಟ್ಟೆಯೊಡೆದು ಹುಳು ಹೊರಬರುತ್ತದೆ. ಹುಳು ಎರಡು ಸಲ ಪೊರೆ ಕಳಚಿ ಮೂರು ಹಂತಗಳಲ್ಲಿ ಬೆಳೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ದೇಹವನ್ನು ಬಿಟ್ಟು, ಮಣ್ಣಿನಲ್ಲೋ ಚಾಪೆಯ ಅಡಿಯಲ್ಲೋ ಅಡಗಿ, ಕಂದು ಬಣ್ಣದ ಗಟ್ಟಿ ಕೋಶವಾಗುತ್ತದೆ. ಕೋಶವೊಡೆದು ಹೊಸ ನೊಣ ಹಾರುತ್ತದೆ. ಬಿಸಿ ಹವೆಯಲ್ಲಿ ಈ ಇಡೀ ಚಕ್ರಕ್ಕೆ ಸುಮಾರು 10 ದಿನ ಸಾಕು. ಚಳಿಯಿದ್ದರೆ ಮೂರು ವಾರವೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ನೊಣಗಳ ಹಿಂದೆ ಅವುಗಳ ಹುಳುಗಳನ್ನು ತಿನ್ನುವ ಜೀರುಂಡೆಗಳು ಬರುತ್ತವೆ. ಎಲ್ಲ ಒಣಗಿದ ಮೇಲೆ ಚರ್ಮ, ಕೂದಲು ತಿನ್ನುವ ಬೇರೆ ಜೀರುಂಡೆಗಳ ಸರದಿ. ಮದುವೆಮನೆಯ ಪಂಕ್ತಿಯಂತೆ ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಕೂರುತ್ತಾರೆ.

ಈ ಸರದಿಯೇ ಗಡಿಯಾರ. ಯಾವ ಜಾತಿಯ ಹುಳು, ಎಷ್ಟು ಬೆಳೆದಿದೆ, ಆ ಜಾಗದಲ್ಲಿ ಆ ದಿನಗಳಲ್ಲಿ ಎಷ್ಟು ಶಾಖವಿತ್ತು, ಈ ಮೂರನ್ನು ಕೂಡಿಸಿ ಲೆಕ್ಕ ಹಾಕಿದರೆ ಮೊದಲ ಮೊಟ್ಟೆ ಬಿದ್ದದ್ದು ಯಾವಾಗ ಎಂದು ಹೇಳಬಹುದು. ಸಾವು ಅದಕ್ಕಿಂತ ಮೊದಲೇ ಆಗಿರಬೇಕಷ್ಟೆ. ಏಸಿಯ ಪ್ರಶ್ನೆಯ ಅರ್ಥ ಆಗ ನಮಗೆ ತಿಳಿಯಿತು. ಹೊರಗೆ 45 ಡಿಗ್ರಿ ಬಿಸಿಲಿದ್ದರೂ ಒಳಗೆ 20 ಡಿಗ್ರಿ ಇದ್ದರೆ ಹುಳುವಿನ ಗಡಿಯಾರ ನಿಧಾನವಾಗಿ ನಡೆಯುತ್ತದೆ. ಏಸಿಯನ್ನು ಮರೆತು ಲೆಕ್ಕ ಹಾಕಿದವನು ದಿನಗಳನ್ನೇ ತಪ್ಪುತ್ತಾನೆ.

ಈ ವಿದ್ಯೆ ಹೊಸದೇನಲ್ಲ. ಚೀನಾದ ಸಾಂಗ್ ಸೀ ಎಂಬ ನ್ಯಾಯಾಧಿಕಾರಿ 1247ರಲ್ಲಿ ಬರೆದ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಹಳ್ಳಿಯೊಂದರಲ್ಲಿ ಕುಡುಗೋಲಿನಿಂದ ಕೊಲೆ. ವಿಚಾರಣೆಗೆ ಬಂದವನು ಊರಿನವರೆಲ್ಲ ತಮ್ಮ ಕುಡುಗೋಲುಗಳನ್ನು ತಂದು ನೆಲದ ಮೇಲಿಡಬೇಕೆಂದು ಆಜ್ಞೆ ಮಾಡಿದ. ಎಲ್ಲವೂ ತೊಳೆದು ಹೊಳೆಯುತ್ತಿದ್ದವು. ಆದರೆ ಒಂದೇ ಒಂದರ ಮೇಲೆ ನೊಣಗಳು ಮುತ್ತಿದವು. ಮನುಷ್ಯನ ಕಣ್ಣಿಗೆ ಕಾಣದ ರಕ್ತದ ವಾಸನೆ ಅವಕ್ಕೆ ಸಿಕ್ಕಿತ್ತು. ಅದರ ಒಡೆಯ ತಪ್ಪೊಪ್ಪಿಕೊಂಡ.

ಯುರೋಪಿನಲ್ಲಾದರೋ ಕೊಳೆತ ಮಾಂಸದಲ್ಲಿ ಹುಳು ತಾನಾಗಿಯೇ ಹುಟ್ಟುತ್ತದೆಂದು ಬಹುಕಾಲ ನಂಬಿದ್ದರು. 1668ರಲ್ಲಿ ಇಟಲಿಯ ಫ್ರಾನ್ಚೆಸ್ಕೊ ರೆಡಿ ಕೆಲವು ಪಾತ್ರೆಗಳ ಬಾಯಿಗೆ ಬಟ್ಟೆ ಕಟ್ಟಿ, ಕೆಲವನ್ನು ತೆರೆದಿಟ್ಟು, ನೊಣ ಕೂರದ ಮಾಂಸದಲ್ಲಿ ಹುಳುವಾಗದೆಂದು ತೋರಿಸಿದ. ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುವ ನಮ್ಮ ಅಜ್ಜಿಯರಿಗೆ ಈ ಪ್ರಯೋಗ ವಿವರಿಸಬೇಕಾಗಿರಲಿಲ್ಲವೇನೋ! 1894ರಲ್ಲಿ ಫ್ರಾನ್ಸಿನ ಮೆನ್ಯಾ ಎಂಬ ವಿಜ್ಞಾನಿ ಬಯಲಲ್ಲಿ ಬಿದ್ದ ಶವಕ್ಕೆ ಕೀಟಗಳು ಎಂಟು ಸರದಿಯಲ್ಲಿ ಬರುತ್ತವೆಂದು ಪುಸ್ತಕವನ್ನೇ ಬರೆದ.

ಭಾರತದ ನಂಟಿರುವ ಒಂದು ಮೊಕದ್ದಮೆಯೂ ಇದೆ. ಬಕ್ ರಕ್ಸ್‌ಟನ್ ಎಂದು ಹೆಸರು ಬದಲಿಸಿಕೊಂಡಿದ್ದ ಮುಂಬಯಿ ಮೂಲದ ಪಾರ್ಸಿ ವೈದ್ಯ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ನೆಲೆಸಿದ್ದ. 1935ರ ಸೆಪ್ಟೆಂಬರಿನಲ್ಲಿ ಅವನ ಸಂಗಾತಿ ಇಸಬೆಲ್ಲಾ ಮತ್ತು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮೇರಿ ರೋಜರ್ಸನ್ ಎಂಬ ತರುಣಿ ಕಾಣೆಯಾದರು. ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮೊಫಟ್ ಬಳಿಯ ಕೊರಕಲಿನಲ್ಲಿ ಇಬ್ಬರು ಹೆಂಗಸರ ದೇಹದ ತುಂಡುಗಳು ಸಿಕ್ಕಿದವು. ಗ್ಲಾಸ್ಗೊ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಮೆರ್ನ್ಸ್ ಅದರಲ್ಲಿದ್ದ ಹುಳುಗಳನ್ನು ಪರೀಕ್ಷಿಸಿ, ಅವುಗಳ ವಯಸ್ಸು 12ರಿಂದ 14 ದಿನ ಎಂದರು. ಆ ಹೆಂಗಸರು ಕಾಣೆಯಾದ ದಿನಕ್ಕೆ ಅದು ಹೊಂದಿಕೊಂಡಿತು. ರಕ್ಸ್‌ಟನ್‌ನನ್ನು 1936ರ ಮೇ ತಿಂಗಳಲ್ಲಿ ಗಲ್ಲಿಗೇರಿಸಲಾಯಿತು. ಈ ಕಥೆಯಲ್ಲಿ ನಮ್ಮನ್ನು ತಟ್ಟಿದ್ದು ಹುಳುವಿನ ಲೆಕ್ಕವಷ್ಟೇ ಅಲ್ಲ. ದೇಹದ ತುಂಡುಗಳಿಗೆ ಸುತ್ತಿದ್ದ ಒಂದು ರವಿಕೆಯನ್ನು ಮೇರಿಯದೆಂದು ಗುರುತಿಸಿದವಳು ಅವಳ ಮಲತಾಯಿ. ಕಂಕುಳ ಬಳಿಯ ತೇಪೆಯನ್ನು ತಾನೇ ಹಾಕಿದ್ದೆಂದು ಆಕೆ ಹೇಳಿದಳು. ಯಾವಾಗ ಎಂಬುದನ್ನು ಹುಳು ಹೇಳಿತು; ಯಾರು ಎಂಬುದನ್ನು ಹೇಳಲು ಸೂಜಿ ಹಿಡಿದ ಕೈಯೊಂದು ಬೇಕಾಯಿತು.

ನಾವಿರುವ ಈ ನೆಲದಲ್ಲೂ ಈ ಅಧ್ಯಯನ ನಡೆದಿದೆ. ಒಂದು ದೇಶದ ಲೆಕ್ಕ ಇನ್ನೊಂದು ದೇಶಕ್ಕೆ ಒದಗದು. ಸ್ಕಾಟ್ಲೆಂಡಿನ ತಂಪಿನ ನೊಣ ಬೇರೆ, ಅರೇಬಿಯದ ಬಿಸಿಲಿನ ನೊಣ ಬೇರೆ. ಆದ್ದರಿಂದ ಅಲ್ ಅಹ್ಸಾದ ಖರ್ಜೂರದ ತೋಟಗಳ ನಡುವೆ ಯಾವ ಕೀಟ ಯಾವಾಗ ಬರುತ್ತದೆಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ರಿಯಾದಿನಲ್ಲಿ ವಿಜ್ಞಾನಿಗಳು ಕೃಷಿಭೂಮಿ, ಮರಳುಗಾಡು, ನಗರ ಎಂದು ಮೂರು ಬಗೆಯ ಜಾಗಗಳಲ್ಲಿ ಮೊಲದ ಶವಗಳನ್ನಿಟ್ಟು ಜೀರುಂಡೆಗಳ ಸರದಿಯನ್ನು ಗಮನಿಸಿದ್ದಾರೆ. ಇಲ್ಲಿ ಸಾಮಾನ್ಯವಾಗಿರುವ ಕ್ರೈಸೊಮಿಯಾ ಆಲ್ಬಿಸೆಪ್ಸ್ ಎಂಬ ನೊಣದ ಹುಳು ಬಹಳ ಹೊಟ್ಟೆಬಾಕ. ತನಗಿಂತ ಮೊದಲು ಬಂದ ಬೇರೆ ಹುಳುಗಳನ್ನೂ ತಿಂದುಬಿಡುತ್ತದೆ. ಒಂದು ಸಾಕ್ಷಿಯನ್ನು ಇನ್ನೊಂದು ಸಾಕ್ಷಿ ನುಂಗಿದಂತೆ! ಬೇಸಿಗೆಯ ಮರಳುಗಾಡಿನಲ್ಲಾದರೆ ದೇಹ ಕೊಳೆಯುವ ಮೊದಲೇ ಒಣಗಿಹೋಗಬಹುದು. ಆಗ ಹುಳುವಿಗೆ ಬೇಕಾದ ತೇವವೇ ಇರದೆ ಗಡಿಯಾರ ಅರ್ಧಕ್ಕೇ ನಿಂತುಬಿಡುತ್ತದೆ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರು ಕೇಳಬಹುದು: "ಸತ್ತವರ ದೇಹವನ್ನು ಹೀಗೆ ಹುಳು ಹೆಕ್ಕಿ ಅಳೆಯುವುದು ಸರಿಯೇ? ಅದು ಅವಮಾನವಲ್ಲವೇ?" ನಮ್ಮ ಸಂಘದ ಸದಸ್ಯರಲ್ಲಿ ಸುಡುವವರಿದ್ದಾರೆ, ಹೂಳುವವರಿದ್ದಾರೆ. ಆದರೆ ದೇಹವನ್ನು ತೊಳೆದು, ಶುಭ್ರ ಬಟ್ಟೆ ಹೊದಿಸಿ, ತಡಮಾಡದೆ ಕಳಿಸಿಕೊಡಬೇಕೆಂಬುದು ಎಲ್ಲರ ಮನೆಯಲ್ಲೂ ಒಂದೇ. ನೊಣ ಕೂರಲು ಬಿಡಬಾರದೆಂದು ಶವದ ಪಕ್ಕ ಕುಳಿತು ಬೀಸಣಿಗೆಯಲ್ಲಿ ಬೀಸುವ ಮುದುಕಿಯರನ್ನು ನಾವೆಲ್ಲ ಊರಿನಲ್ಲಿ ಕಂಡಿದ್ದೇವೆ. ಆ ಬೀಸಣಿಗೆಯಲ್ಲಿ ಪ್ರೀತಿಯಿದೆ. ಅದನ್ನು ಮೂಢತನವೆಂದು ನಗುವ ವಿಜ್ಞಾನ ನಮಗೆ ಬೇಡ.

ಆದರೂ ನಾವು ಯೋಚಿಸಿದಂತೆ, ಅವಮಾನ ಮಾಡುವವನು ನೊಣವಲ್ಲ. ನೊಣಕ್ಕೆ ಪಾಪಪುಣ್ಯದ ಲೆಕ್ಕವಿಲ್ಲ. ಸೃಷ್ಟಿಯ ಮನೆಯಲ್ಲಿ ಅದಕ್ಕೆ ಕಸ ಗುಡಿಸುವ ಕೆಲಸ. ಅದು ಕೆಲಸ ಬಿಟ್ಟರೆ ಕಾಡು ಮೇಡುಗಳಲ್ಲಿ ಹೆಣಗಳು ತಿಂಗಳುಗಟ್ಟಲೆ ಬಿದ್ದಿರುತ್ತವೆ. ಅರಸನೆಂದೂ ಕೂಲಿಯೆಂದೂ ಅದು ಭೇದ ಮಾಡದು. ನಮಗೆ ಅಸಹ್ಯವಾಗುವುದು ಸಹಜ, ಆರೋಗ್ಯಕ್ಕೆ ಅದು ಒಳ್ಳೆಯದೂ ಹೌದು. ಆದರೆ ಅಸಹ್ಯವಾದದ್ದೆಲ್ಲ ಕೆಟ್ಟದ್ದಲ್ಲ. ಬೌದ್ಧ ಗ್ರಂಥಗಳಲ್ಲಿ ಸ್ಮಶಾನದ ಶವ ಹಂತಹಂತವಾಗಿ ಕರಗುವುದನ್ನು ನೋಡುತ್ತ ಧ್ಯಾನಿಸುವ ಕ್ರಮವಿದೆ. ಕಾಗೆ, ನಾಯಿ, ಹುಳುಗಳು ಅದನ್ನು ತಿನ್ನುವುದನ್ನೂ ಭಿಕ್ಷು ಕಣ್ಣು ಮುಚ್ಚದೆ ನೋಡಬೇಕು. ಕುರಾನಿನಲ್ಲಿ ಆದಮನ ಮಕ್ಕಳ ಪ್ರಸಂಗ ಬರುತ್ತದೆ. ತಮ್ಮನನ್ನು ಕೊಂದವನಿಗೆ ಮುಂದೇನು ಮಾಡಬೇಕೆಂದು ತೋಚದಿದ್ದಾಗ ಕಾಗೆಯೊಂದು ನೆಲ ಕೆದಕಿ, ಶವವನ್ನು ಹೇಗೆ ಮರೆಮಾಡಬೇಕೆಂದು ತೋರಿಸಿಕೊಟ್ಟಿತು. ತಾನು ಆ ಕಾಗೆಗಿಂತ ಕಡೆಯಾದೆನಲ್ಲಾ ಎಂದು ಅವನಿಗೆ ಪಶ್ಚಾತ್ತಾಪವಾಯಿತು. ಸಾವಿನ ಮುಂದೆ ಮನುಷ್ಯ ತನಗಿಂತ ಕೀಳೆಂದುಕೊಂಡ ಜೀವಿಯಿಂದ ಪಾಠ ಕಲಿಯಬೇಕಾದ ಸಂದರ್ಭ ಹೊಸದಲ್ಲ.

ಹಾಗಾದರೆ ಸತ್ತವರಿಗೆ ಬದುಕಿರುವವರು ಸಲ್ಲಿಸಬೇಕಾದ ಗೌರವ ಯಾವುದು? ಬೇಗ ಕಳಿಸಿಕೊಡುವುದು ಒಂದು. ನಿಜ ತಿಳಿಯುವುದು ಇನ್ನೊಂದು. ಸಂಶಯವಿಲ್ಲದ ಕಡೆ ತಡಮಾಡುವುದು ತಪ್ಪು. ಸಂಶಯವಿರುವ ಕಡೆ ಅವಸರ ಮಾಡುವುದು ಅದಕ್ಕಿಂತ ದೊಡ್ಡ ತಪ್ಪು. ಏಕೆಂದರೆ ಸತ್ತವನು ತನ್ನ ಪರವಾಗಿ ಮಾತನಾಡಲಾರ, ಆರೋಪ ಹೊತ್ತ ನಿರಪರಾಧಿಯ ಮಾತನ್ನು ಯಾರೂ ನಂಬಲಾರರು. ಇಬ್ಬರ ಪರವಾಗಿಯೂ ಮಾತನಾಡಬಲ್ಲದ್ದು ಕೆಲವೊಮ್ಮೆ ಹುಳು ಮಾತ್ರ.

ಹಂಗೆರಿಯಲ್ಲಿ ನಡೆದ ಒಂದು ಪ್ರಕರಣ ಕೇಳಿ. ಸೆಪ್ಟೆಂಬರ್ ತಿಂಗಳ ಒಂದು ಸಂಜೆ, ನದಿ ದಾಟಿಸುವ ದೋಣಿಯಲ್ಲಿ ಅಂಚೆ ಅಧಿಕಾರಿಯೊಬ್ಬನ ಶವ ಸಿಕ್ಕಿತು. ದೋಣಿಯ ನಾವಿಕ ಆ ದಿನ ಕೆಲಸಕ್ಕೆ ಬಂದದ್ದು ಸಂಜೆ 6 ಗಂಟೆಗೆ. ಕೊಲೆ ಅವನದೇ ಎಂದು ಜೀವಾವಧಿ ಶಿಕ್ಷೆಯಾಯಿತು. ಮರುದಿನ ಮಧ್ಯಾಹ್ನದ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ದೇಹದ ಮೇಲೆ ನೊಣದ ಮೊಟ್ಟೆಗಳೂ ಆಗತಾನೇ ಹೊರಬಂದ ಹುಳುಗಳೂ ಇದ್ದವೆಂದು ಸ್ಪಷ್ಟವಾಗಿ ಬರೆದಿತ್ತು. ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಎಂಟು ವರ್ಷಗಳ ನಂತರ ಮೊಕದ್ದಮೆ ಮತ್ತೆ ತೆರೆದಾಗ ಕೀಟತಜ್ಞರೊಬ್ಬರು ವಿವರಿಸಿದರು: ಆ ತಿಂಗಳಲ್ಲಿ ಆ ನೊಣಗಳು ಸಂಜೆ ಆರರ ಮೇಲೆ ಹಾರಾಡುವುದಿಲ್ಲ, ಮೊಟ್ಟೆಗಳು ಅದಕ್ಕೂ ಮೊದಲೇ ಬಿದ್ದಿರಬೇಕು, ಎಂದರೆ ನಾವಿಕ ಬರುವ ಮೊದಲೇ ಸಾವಾಗಿತ್ತು. ಅವನ ಬಿಡುಗಡೆಯಾಯಿತು. ಸಾಕ್ಷಿ ಮೊದಲ ದಿನವೇ ಹಾಜರಿತ್ತು. ಎಂಟು ವರ್ಷ ಕೇಳುವ ಕಿವಿ ಇರಲಿಲ್ಲ.

ತಜ್ಞರೂ ತಪ್ಪುತ್ತಾರೆ ಎಂಬುದನ್ನೂ ಹೇಳದಿದ್ದರೆ ಅನ್ಯಾಯ. 1850ರಲ್ಲಿ ಫ್ರಾನ್ಸಿನ ಮನೆಯೊಂದರ ದುರಸ್ತಿಯಾಗುತ್ತಿದ್ದಾಗ ಗೋಡೆಯ ಗಾರೆಯ ಹಿಂದೆ ಎಳೆಮಗುವಿನ ಒಣಗಿದ ಶವ ಸಿಕ್ಕಿತು. ಬೆರ್ಜರೆ ಎಂಬ ವೈದ್ಯ ಅದರಲ್ಲಿದ್ದ ಕೀಟಗಳನ್ನು ನೋಡಿ, ಸಾವು ಈಗಿನ ದಂಪತಿ ಆ ಮನೆಗೆ ಬರುವ ಮೊದಲೇ ಆಗಿದೆ ಎಂದ. ಸಂಶಯ ಅವರಿಂದ ಹಿಂದಿನ ಬಾಡಿಗೆದಾರರ ಕಡೆಗೆ ತಿರುಗಿತು. ಆದರೆ ನೊಣದ ಜೀವನಚಕ್ರಕ್ಕೆ ಒಂದು ವರ್ಷ ಹಿಡಿಯುತ್ತದೆಂದು ಅವನು ಭಾವಿಸಿದ್ದ, ಅದು ತಪ್ಪು. ನೊಣ ಸುಳ್ಳು ಹೇಳದು, ನಿಜ. ಆದರೆ ಅದರ ಭಾಷೆಯನ್ನು ಓದುವವರು ಮನುಷ್ಯರೇ. ಅದಕ್ಕೇ ಇಂದಿನ ತಜ್ಞರು ಒಂದೇ ಗಂಟೆಯನ್ನು ಬೊಟ್ಟುಮಾಡದೆ "ಇಷ್ಟರಿಂದ ಇಷ್ಟರೊಳಗೆ" ಎನ್ನುತ್ತಾರೆ. ಕೊಂದವರು ಯಾರು, ಏಕೆ ಎಂದು ಹುಳು ಹೇಳದು. ಅದು ಹೇಳುವುದು ಕಾಲವನ್ನು.

ಈಗ ನಮ್ಮ ಪ್ರಶ್ನೆಗೆ ಬರುತ್ತೇವೆ. ಆ ಕಾಲ ಯಾವುದರ ಕಾಲ?

ವಿಜ್ಞಾನಿಗೆ ಅದು ಸಾವಿನಿಂದ ಶವ ಸಿಕ್ಕುವವರೆಗಿನ ಅವಧಿ. ಮೆಟ್ಟಿಲ ಬಳಿ ನಿಂತಿದ್ದ ನಮಗೆ ಅದಕ್ಕೆ ಇನ್ನೊಂದು ಹೆಸರಿತ್ತು: ಯಾರೂ ವಿಚಾರಿಸದೆ ಕಳೆದ ಅವಧಿ. ಹುಳು ಬೆಳೆದ ಪ್ರತಿಯೊಂದು ಮಿಲಿಮೀಟರೂ ನಾವು ಮಾಡದ ಒಂದು ಫೋನು, ನಾವು ತಟ್ಟದ ಒಂದು ಬಾಗಿಲು. ಕೊಲೆಯಾದಲ್ಲಿ ನೊಣದ ಸಾಕ್ಷಿ ಕೊಲೆಗಾರನ ವಿರುದ್ಧ. ಕೊಲೆಯೇ ಆಗದಿದ್ದಲ್ಲಿ ಅದು ಯಾರ ವಿರುದ್ಧ?

"ನಾವೇನು ಮಾಡಬಹುದಿತ್ತು? ಅವರು ಸಂಘದ ಸದಸ್ಯರೂ ಅಲ್ಲವಲ್ಲ" ಎಂದು ಆಗ ನಮ್ಮಲ್ಲೊಬ್ಬರು ಹೇಳಿದರು. ಮಾತು ನಿಜವೇ. ಕಾಯಿದೆಯ ಪ್ರಕಾರ ನಮ್ಮ ತಪ್ಪಿಲ್ಲ. ಬಹುಶಃ ಬೇಗ ಹೋಗಿದ್ದರೂ ಅವರು ಬದುಕುತ್ತಿರಲಿಲ್ಲ. ಆದರೆ ತಪ್ಪಿಲ್ಲವೆಂಬುದಕ್ಕೂ ಕರ್ತವ್ಯ ಮುಗಿಯಿತೆಂಬುದಕ್ಕೂ ನಡುವೆ ಬಹಳ ಜಾಗವಿದೆ. ಊರಿನಲ್ಲಿ ಬೆಳಿಗ್ಗೆ ಒಂದು ಮನೆಯ ಅಂಗಳಕ್ಕೆ ನೀರು ಬೀಳದಿದ್ದರೆ, ಒಲೆಯ ಹೊಗೆ ಏಳದಿದ್ದರೆ, ಪಕ್ಕದ ಮನೆಯವರು ಬೇಲಿಯ ಬಳಿ ಬಂದು ಕೂಗುತ್ತಾರೆ. ಅದನ್ನು ಯಾರೂ ಧರ್ಮವೆಂದು ಬೋಧಿಸಲಿಲ್ಲ, ಕೆಲವೊಮ್ಮೆ ಅದು ಕಿರಿಕಿರಿಯೂ ಹೌದು. ಇಲ್ಲಿ ನಮಗೆ ಅಂಗಳವಿಲ್ಲ, ಬೇಲಿಯಿಲ್ಲ. ಏಸಿಯ ಸದ್ದಿನಲ್ಲಿ ಪಕ್ಕದ ಕೋಣೆಯ ಕೆಮ್ಮೂ ಕೇಳಿಸದು. ಊರಿನಲ್ಲಿ ತಾನಾಗಿಯೇ ನಡೆಯುತ್ತಿದ್ದುದನ್ನು ಇಲ್ಲಿ ನಾವು ಬೇಕೆಂದೇ ಮಾಡಬೇಕು.

ಮೂರು ಸಾವಿರ ಕಿಲೋಮೀಟರಿಗೂ ದೂರದಲ್ಲಿ ಕುಳಿತ ಆ ತಾಯಿಗೆ ಏನೋ ಆಗಿದೆಯೆಂದು ತಿಳಿಯಿತು. ಎರಡು ರಸ್ತೆ ಆಚೆಯಿದ್ದ ನಮಗೆ ತಿಳಿಯಲಿಲ್ಲ. ದೂರ ಹತ್ತಿರಗಳನ್ನು ಅಳೆಯುವ ಕೋಲು ಯಾವುದೆಂಬುದನ್ನು ನಾವು ಅಂದು ಕಲಿತೆವು.

ಅಂದಿನಿಂದ ನಮ್ಮ ಕೆಲವು ಕುಟುಂಬಗಳು ಒಂದು ಸಣ್ಣ ಪದ್ಧತಿ ಇಟ್ಟುಕೊಂಡಿವೆ. ಒಂಟಿಯಾಗಿರುವ ಇಬ್ಬರ ಹೆಸರನ್ನು ಪ್ರತಿಯೊಂದು ಮನೆಯೂ ವಹಿಸಿಕೊಳ್ಳುವುದು. ಸದಸ್ಯರಾಗಿರಬೇಕಿಲ್ಲ, ಕನ್ನಡವೇ ಮಾತಾಡಬೇಕಿಲ್ಲ. ತುಳು, ಬ್ಯಾರಿ, ಕೊಂಕಣಿ ಯಾವುದಾದರೂ ಸರಿ. ಗುರುವಾರ ರಾತ್ರಿ ಒಂದು ಫೋನು, ರಜೆಯ ದಿನಗಳಲ್ಲಿ ದಿನಕ್ಕೊಂದು. ಮುಂಜಾನೆಯ ವಾಟ್ಸಾಪ್ ಹೂವಿನ ಚಿತ್ರ ಲೆಕ್ಕಕ್ಕಿಲ್ಲ, ದನಿ ಕೇಳಬೇಕು. ಊರಿನ ಮನೆಯ ನಂಬರು ಒಂದು ಚೀಟಿಯಲ್ಲಿ ಬರೆದಿರಬೇಕು. ಎರಡು ಸಲ ಉತ್ತರ ಬಾರದಿದ್ದರೆ, ಸಂಕೋಚ ಬಿಟ್ಟು ಹೋಗಿ ಬಾಗಿಲು ತಟ್ಟಬೇಕು. ಒಳಗಿನವರು ನಿದ್ದೆಗಣ್ಣಿನಲ್ಲಿ ಎದ್ದು ಬಂದು ಬೈದರೆ ಸಂತೋಷದಿಂದ ಬೈಸಿಕೊಂಡು, ಚಹಾ ಕುಡಿದು ಬರಬಹುದು.

ಹೋದ ರಜೆಯಲ್ಲಿ ನಾವು ಹೀಗೆ ಎರಡು ಕಡೆ ಬೈಸಿಕೊಂಡೆವು. ಎರಡೂ ಕಡೆ ಚಹಾ ಚೆನ್ನಾಗಿತ್ತು. ನಿಮ್ಮ ಮನೆಗೂ ಎರಡು ಹೆಸರು ಬೇಕಿದ್ದರೆ ಮುಂದಿನ ಸಭೆಯ ದಿನ ಸಮಿತಿಯವರನ್ನು ಕಂಡು ಬರೆಸಿಕೊಳ್ಳಿರಿ.